ಪಡಸಾಲೆಯೂ ಕೋಣೆಗಳೂ

ವಿಂಗಡಿಸುವುದು ಬುದ್ಧಿಯ ಸ್ವಭಾವ. ಮೊರದಲ್ಲಿ ಧಾನ್ಯವನ್ನು ಕೇರುವ ಗೃಹಿಣಿಯಿಂದ ಹಿಡಿದು ಶಬ್ದಗಳನ್ನು ನಾಮ, ಕ್ರಿಯೆ, ಅವ್ಯಯಗಳೆಂದು ಬೇರ್ಪಡಿಸಿದ ವೈಯಾಕರಣನವರೆಗೆ ಎಲ್ಲರೂ ಈ ಕೆಲಸವನ್ನು ಮಾಡುವವರೇ. ಬೇರ್ಪಡಿಸದೆ ತಿಳಿವಿಲ್ಲವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ವಸ್ತುಗಳನ್ನು ವಿಂಗಡಿಸುವುದಕ್ಕೂ ಮನುಷ್ಯರನ್ನು ವಿಂಗಡಿಸುವುದಕ್ಕೂ ಅಂತರವುಂಟು. ಕೇರಿದ ಅಕ್ಕಿ ಇಟ್ಟಲ್ಲಿಯೇ ಇರುತ್ತದೆ. ಮನುಷ್ಯನು ಮಾತ್ರ ತನಗೆ ತೋರಿಸಿದ ಕೋಣೆ ಒಗ್ಗದಿದ್ದರೆ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೊರಟುಬಿಡುತ್ತಾನೆ. ಸಂಬಳವಿಲ್ಲದೆ, ಒತ್ತಾಯವಿಲ್ಲದೆ, ಬಿಡುವಿನ ವೇಳೆಯಲ್ಲಿ ಸಂತೋಷಕ್ಕಾಗಿ ಸೇರುವ ಕೂಟಗಳ ವಿಷಯದಲ್ಲಂತೂ ಈ ಮಾತು ಮತ್ತಷ್ಟು ನಿಜ. ಇಂಥ ಕೂಟವನ್ನು ಶಾಖೆ ಉಪಶಾಖೆಗಳಾಗಿ ಒಡೆದರೆ ಭಾಗವಹಿಸುವವರು ಹೆಚ್ಚುವರೆ, ಕುಗ್ಗುವರೆ? ಮೇಲುನೋಟಕ್ಕೆ ಇದು ಸಂಘಗಳ ಕಾರ್ಯದರ್ಶಿಗಳಿಗೆ ಮಾತ್ರ ಬೇಕಾದ ಪ್ರಶ್ನೆಯೆಂದು ತೋರಬಹುದು. ಕನ್ನಡದ ಹಿತವನ್ನು ಬಯಸುವವರೆಲ್ಲರೂ ಯೋಚಿಸಬೇಕಾದ ಪ್ರಶ್ನೆ ಇದೆಂದು ನನ್ನ ಭಾವನೆ.

ಈ ಪ್ರಶ್ನೆ ನನ್ನೆದುರಿಗೆ ಬಂದುದು ನಾನು ವಾಸವಾಗಿರುವ ಗರುಡಾಚಾರ್‌ಪಾಳ್ಯದಲ್ಲಿ. ಕೃಷ್ಣರಾಜಪುರಕ್ಕೂ ವೈಟ್‌ಫೀಲ್ಡಿಗೂ ನಡುವೆ, ಮಹದೇವಪುರದ ಮಗ್ಗುಲಲ್ಲಿರುವ ಊರಿದು. 2023ರ ಮಾರ್ಚಿನಲ್ಲಿ ಮೆಟ್ರೊ ರೈಲು ಬಂದು ನಮ್ಮ ಹೆಸರನ್ನು ಒಂದು ನಿಲ್ದಾಣಕ್ಕೆ ಕೊಟ್ಟ ಮೇಲೆ, ಪಶ್ಚಿಮ ಬೆಂಗಳೂರಿನ ಬಂಧುಗಳಿಗೂ ಇಂಥದೊಂದು ಊರಿದೆಯೆಂದು ತಿಳಿದುಬಂತು. ಹಳೆಯ ನಿವಾಸಿಗಳಲ್ಲಿ ಮನೆಯೊಳಗೆ ತೆಲುಗನ್ನೋ ತಮಿಳನ್ನೋ ಆಡಿ ಬೀದಿಯಲ್ಲಿ ಕನ್ನಡವಾಡುವವರುಂಟು. ಹೊಸ ವಸತಿ ಸಮುಚ್ಚಯಗಳಲ್ಲಿ ಧಾರವಾಡ, ಕಲಬುರಗಿ, ಮಂಗಳೂರುಗಳಿಂದ ಉದ್ಯೋಗಕ್ಕಾಗಿ ಬಂದವರುಂಟು. ಇವರಲ್ಲಿ ಓದಿನ ಗೀಳುಳ್ಳ ಸುಮಾರು ಮೂವತ್ತು ಜನ ತಿಂಗಳಿಗೊಂದು ಭಾನುವಾರ ಒಂದೆಡೆ ಕಲೆಯುತ್ತಿದ್ದೆವು. ನಿಯಮವೆಂಬುದೇನೂ ಇರಲಿಲ್ಲ. ಒಬ್ಬರು ಕುಮಾರವ್ಯಾಸನ ಕೆಲವು ಷಟ್ಪದಿಗಳನ್ನು ವಾಚಿಸುವರು. ಇನ್ನೊಬ್ಬರು ತಾವು ಬರೆದ ಕಥೆಯನ್ನು ಓದುವರು. ಮತ್ತೊಬ್ಬರು ಕೆರೆಗೆ ಬರುವ ಹಕ್ಕಿಗಳ ಮೇಲೆ ಬಂದ ಹೊಸ ಪುಸ್ತಕವನ್ನು ಪರಿಚಯಿಸುವರು. ಆಮೇಲೆ ಕಾಫಿ, ಕಾಫಿಯ ಜೊತೆಗೆ ನಿಜವಾದ ಚರ್ಚೆ.

ಕೆಲವು ಉತ್ಸಾಹಿಗಳಿಗೆ ಇದು ಅವ್ಯವಸ್ಥೆಯಾಗಿ ಕಂಡಿತು. ಕವಿತೆಗಾಗಿ ಬಂದವನು ಹಕ್ಕಿಯ ವಿಷಯ ಕೇಳುತ್ತ ಅರ್ಧ ಗಂಟೆ ಏಕೆ ಕೂರಬೇಕು ಎಂದು ಅವರು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಸದುದ್ದೇಶದಿಂದಲೇ ಅವರು ಕೂಟವನ್ನು ಐದು ಉಪಶಾಖೆಗಳಾಗಿ ಮಾಡಿದರು: ಹಳಗನ್ನಡ ನಡುಗನ್ನಡ ಕಾವ್ಯ, ಹೊಸಗನ್ನಡ ಕವಿತೆ, ಕಥೆ ಕಾದಂಬರಿ, ವಿಚಾರ ಸಾಹಿತ್ಯ, ಮಕ್ಕಳ ಸಾಹಿತ್ಯ. ಪ್ರತಿಯೊಂದಕ್ಕೂ ಒಬ್ಬ ಸಂಚಾಲಕ, ಪ್ರತ್ಯೇಕವಾದ ದಿನ. ಕಾಗದದ ಮೇಲೆ ಅದು ನೋಡಲು ಬಹಳ ಚೆನ್ನಾಗಿತ್ತು.

ಇದರಿಂದ ಲಾಭವಾಗಲಿಲ್ಲವೆಂದು ಹೇಳಿದರೆ ಅಪಚಾರವಾದೀತು. ಹಳೆಯ ಕಾವ್ಯದ ಶಾಖೆಯಲ್ಲಿ ನಾವು ಐದಾರು ಜನ ಕುಳಿತು, ಹಿಂದೆ ನಾಲ್ಕು ಪದ್ಯ ಓದುತ್ತಿದ್ದ ಕಡೆ ಒಂದು ಸಂಧಿಯನ್ನೇ ಓದಿದೆವು; ಪಾಠಾಂತರಗಳ ಬಗ್ಗೆ ಜಗಳವಾಡುವಷ್ಟು ಮುಂದುವರಿದೆವು. ಬಲ್ಲವರಿಗೆ ಬಲ್ಲವರ ಸಹವಾಸ ದೊರೆಯಿತು. ಆದರೆ ಉಳಿದ ಶಾಖೆಗಳಲ್ಲಿ ಎರಡು, ಮೂರು ತಿಂಗಳು ತುಂಬುವುದರೊಳಗೆ ನಿಂತುಹೋದುವು. ಕಾರಣ ಗೂಢವಾದುದೇನಲ್ಲ, ಬರಿಯ ಲೆಕ್ಕ. ಮೂವತ್ತು ಜನರಲ್ಲಿ ನಾಲ್ವರು ಬಾರದಿದ್ದರೆ ಸಭೆಗೆ ಗೊತ್ತಾಗುವುದಿಲ್ಲ. ಆರು ಜನರಲ್ಲಿ ನಾಲ್ವರು ಬಾರದಿದ್ದರೆ ಸಭೆಯೇ ಇರುವುದಿಲ್ಲ. ಬಂದ ಇಬ್ಬರು ಒಬ್ಬರ ಮುಖವನ್ನೊಬ್ಬರು ನೋಡಿ, ಮುಂದಿನ ತಿಂಗಳು ತಾವೂ ಬರುವುದಿಲ್ಲ. ಖಾಲಿ ಕೊಠಡಿ ಇನ್ನಷ್ಟು ಖಾಲಿಯಾಗುತ್ತ ಹೋಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ನಷ್ಟ ಇನ್ನೊಂದು. ದೂರವಾಣಿನಗರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನಮ್ಮಲ್ಲಿಗೆ ಬರುತ್ತಿದ್ದರು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳೆಂದರೆ ಅವರಿಗೆ ಪ್ರಾಣ. ಒಂದು ವರ್ಷ ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತಿದ್ದವರು, ವಿರಾಟಪರ್ವದ ವಾಚನವಾದ ದಿನ ಮೊದಲ ಬಾರಿಗೆ ಬಾಯಿ ತೆರೆದು, "ಕೀಚಕನನ್ನು ಕೊಂದವನ ಗುರುತು ಮರೆಸಿದ ಬಗೆ ಯಾವ ಪತ್ತೇದಾರಿ ಕಾದಂಬರಿಗೆ ಕಡಿಮೆ, ಮೇಷ್ಟ್ರೆ?" ಎಂದರು. ಕುಮಾರವ್ಯಾಸನನ್ನು ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ಆ ದೃಷ್ಟಿಯಿಂದ ಆ ಭಾಗವನ್ನು ನೋಡಬೇಕೆಂದು ತೋರಿರಲಿಲ್ಲ. ಶಾಖೆಗಳಾದ ಮೇಲೆ ಅವರು ಪಟ್ಟಿಯನ್ನು ನೋಡಿ, "ನಾನು ಯಾವುದಕ್ಕೆ ಸೇರ್ತೀನಿ?" ಎಂದು ಕೇಳಿದರು. ಕಥೆ ಕಾದಂಬರಿಯೆಂದು ಯಾರೋ ಹೇಳಿದರು. ಅಲ್ಲಿ ಅಂದು ನಡೆದಿದ್ದುದು ನವ್ಯ ಕಾದಂಬರಿಯ ತಂತ್ರದ ಚರ್ಚೆ. ಅವರು ಮತ್ತೆ ಬರಲಿಲ್ಲ.

ಶಾಖೆಯೆಂಬುದು ತನಗೆ ಬೇಕಾದುದೇನೆಂದು ಮೊದಲೇ ತಿಳಿದವನಿಗೆ ಅನುಕೂಲ. ಇನ್ನೂ ತಿಳಿಯದವನಿಗೆ ಅದು ಮುಚ್ಚಿದ ಬಾಗಿಲು. ಬಾಗಿಲ ಮೇಲಿನ ಹಲಗೆಯನ್ನು ಓದಿ, ಇದು ನನ್ನಂಥವರಿಗಲ್ಲವೆಂದು ಅವನು ಹಿಂದಿರುಗುತ್ತಾನೆ. ರುಚಿ ಹುಟ್ಟುವುದು ಬಹುಮಟ್ಟಿಗೆ ಆಕಸ್ಮಿಕದಿಂದ. ಬೇರೆ ಯಾವುದನ್ನೋ ಕೇಳಲು ಬಂದು ಕಾದು ಕುಳಿತ ಅರ್ಧ ಗಂಟೆಯಲ್ಲಿ. ಆ ಅರ್ಧ ಗಂಟೆ ವ್ಯರ್ಥವೆಂದು ಬಗೆದು ಉಳಿಸಿಕೊಟ್ಟವರು ಹೊಸಬನ ಮುಂದಿನ ಓದನ್ನೇ ಅವನಿಂದ ಕಿತ್ತುಕೊಂಡಂತಾಯಿತು.

ಆ ಹಿರಿಯರ ತಲೆಮಾರಿನ ಕಾರ್ಮಿಕರು ಈ ರಹಸ್ಯವನ್ನು ಬಲ್ಲವರಾಗಿದ್ದರು. ಬೆಂಗಳೂರಿನಲ್ಲಿ 1940ರಲ್ಲಿ ಎಚ್.ಎ.ಎಲ್., 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಹುಟ್ಟಿಕೊಂಡುವು. ಈ ಕಾರ್ಖಾನೆಗಳಲ್ಲಿ ಬೆಳೆದ ಕನ್ನಡ ಸಂಘಗಳು ರಾಜ್ಯೋತ್ಸವ ನಡೆಸಿದುವು, ನಾಟಕವಾಡಿಸಿದುವು, ಕವಿಗಳನ್ನು ಕರೆಸಿದುವು, ಪುಸ್ತಕಗಳನ್ನೂ ಪ್ರಕಟಿಸಿದುವು. ಕಾರ್ಖಾನೆಯೆಂದರೆ ವಿಭಾಗಗಳ ತವರು: ಎರಕದ ವಿಭಾಗ, ಜೋಡಣೆಯ ವಿಭಾಗ, ತಪಾಸಣೆಯ ವಿಭಾಗ, ಲೆಕ್ಕಪತ್ರದ ವಿಭಾಗ. ಹಗಲೆಲ್ಲ ಹೀಗೆ ಹಂಚಿಹೋಗಿದ್ದವರು ಸಂಜೆ ಒಂದೇ ಸಂಘದಲ್ಲಿ ಕೂಡಿದರು. ನಾಟಕದ ಅಭ್ಯಾಸಕ್ಕೆ ಬಂದವನು ಕವಿತೆ ಕೇಳಿದ. ಕವಿತೆಗೆ ಬಂದವನು ತೆರೆ ಎಳೆದ. ಆ ಸಂಘಗಳ ಶಕ್ತಿ ಇದ್ದುದು ಈ ಬೆರಕೆಯಲ್ಲಿಯೇ.

ನಾಡಿನ ಮಟ್ಟದಲ್ಲಿ ನೋಡುವುದಾದರೆ, ನಮ್ಮ ಸಾಹಿತ್ಯ ಸಮ್ಮೇಳನದ ಕಥೆಯೇ ನಿದರ್ಶನ. 1915ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಮೊದಲ ಸಮ್ಮೇಳನ ಸೇರಿದಾಗ ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಬೇರೆ ಬೇರೆ ಆಡಳಿತಗಳಿಗೆ ಹಂಚಿಹೋಗಿದ್ದರು. ಹಂಚಿಹೋದವರಿಗೆ ಒಂದು ಪಡಸಾಲೆಯನ್ನು ಕಟ್ಟಿಕೊಡುವುದೇ ಅಂದಿನ ಉದ್ದೇಶ. ಇಂದು ಜನ ಲಕ್ಷಗಳ ಲೆಕ್ಕದಲ್ಲಿ ಬರುತ್ತಾರೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಗೊ.ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ ನಡೆದ 87ನೆಯ ಸಮ್ಮೇಳನದಲ್ಲಿ ಪ್ರಧಾನ ವೇದಿಕೆಯ ಜೊತೆಗೆ ಸಮಾನಾಂತರ ವೇದಿಕೆಗಳೂ ಇದ್ದುವು. ಅಷ್ಟು ಜನರಿಗೆ ಒಂದೇ ವೇದಿಕೆ ಸಾಲದೆಂಬುದು ನಿಜ; ಹೆಚ್ಚು ಜನಕ್ಕೆ ಮಾತನಾಡುವ ಅವಕಾಶ ದೊರೆತುದೂ ನಿಜ. ಆದರೆ ಮಾತನಾಡುವ ಅವಕಾಶ ಬೇರೆ, ಕೇಳಿಸಿಕೊಳ್ಳುವವರು ದೊರೆಯುವುದು ಬೇರೆ. ಪ್ರಧಾನ ವೇದಿಕೆಯಲ್ಲಿ ಪ್ರಸಿದ್ಧರು ಮಾತನಾಡುತ್ತಿರುವ ವೇಳೆಯಲ್ಲೇ ಸಮಾನಾಂತರ ವೇದಿಕೆಯಲ್ಲಿ ಕೃಷಿಯನ್ನೋ ವಿಜ್ಞಾನವನ್ನೋ ಕುರಿತು ಒಬ್ಬರು ತಿಂಗಳುಗಟ್ಟಲೆ ಸಿದ್ಧಪಡಿಸಿದ ಪ್ರಬಂಧವನ್ನು ಖಾಲಿ ಕುರ್ಚಿಗಳಿಗೆ ಓದುವ ಸಂದರ್ಭ ಎಷ್ಟು ಸುಲಭವಾಗಿ ಒದಗಬಹುದೆಂಬುದನ್ನು ಸಮ್ಮೇಳನಗಳಿಗೆ ಹೋಗಿಬಂದ ಅಧ್ಯಾಪಕರಿಗೆ ನಾನು ಹೇಳಬೇಕಾಗಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನನ್ನ ವಾದ ಸುಲಭವಾಗುತ್ತಿತ್ತು, ನ್ಯಾಯವಾಗುತ್ತಿರಲಿಲ್ಲ. ಪಡಸಾಲೆ ಎಲ್ಲರದೆಂದು ಹೇಳುವುದು ಸುಲಭ. ಅಲ್ಲಿ ಎಲ್ಲರ ಮಾತಿಗೂ ಒಂದೇ ಬೆಲೆಯಿತ್ತೆ ಎಂದು ಕೇಳಬೇಕು. 1915ರಲ್ಲಿ ಆರಂಭವಾದ ಸಮ್ಮೇಳನದ ಅಧ್ಯಕ್ಷ ಪೀಠಕ್ಕೆ ಮೊದಲ ಮಹಿಳೆಯಾಗಿ ಜಯದೇವಿತಾಯಿ ಲಿಗಾಡೆಯವರು ಬಂದುದು 1974ರಲ್ಲಿ, ಮಂಡ್ಯದಲ್ಲಿ. ಐವತ್ತೊಂಬತ್ತು ವರ್ಷಗಳ ಮೇಲೆ. 1979ರಲ್ಲಿ ಧರ್ಮಸ್ಥಳದ ಸಮ್ಮೇಳನಕ್ಕೆ ಸಿದ್ಧತೆ ನಡೆದಿದ್ದಾಗ, ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಬೇಡಿಕೆ ಬಂತು. ಸಾಹಿತ್ಯದಲ್ಲಿ ಭೇದವಿರಕೂಡದೆಂಬ ಭಾವನೆಯಿಂದ ಅದನ್ನು ಒಪ್ಪಲಿಲ್ಲ. ಆ ನಿರಾಕರಣೆಯ ಫಲವಾಗಿ 1979ರ ಮಾರ್ಚ್ 10 ಮತ್ತು 11ರಂದು ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ಕೋಣೆ ಕೇಳಿದವರಿಗೆ ಕೋಣೆ ಸಿಗಲಿಲ್ಲ. ಅವರು ಬೇರೆ ಮನೆಯನ್ನೇ ಕಟ್ಟಿದರು. ಕನ್ನಡಕ್ಕೆ ಅದರಿಂದ ನಷ್ಟವಾಗಲಿಲ್ಲ. ಬಂಡಾಯದ ಒಡನಾಟದಲ್ಲಿ ಬೆಳೆದ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದ ಮೂಲಕ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ತಂದುದನ್ನು ನಾವೆಲ್ಲ ಕಂಡೆವು.

ಹಾಗಾದರೆ ಒಂದು ಕಡೆ ಕೋಣೆಯಿಂದ ಕೂಟ ಬಡವಾಯಿತೆಂದೂ ಇನ್ನೊಂದು ಕಡೆ ಕೋಣೆ ಕೊಡದೆ ಇದ್ದುದು ತಪ್ಪೆಂದೂ ಹೇಳುವುದು ವಿರೋಧವಲ್ಲವೆ? ಅಲ್ಲವೆಂದು ನನ್ನ ನಂಬಿಕೆ. ಕೇಳಿ ಪಡೆದ ಕೋಣೆ ಬೇರೆ, ಹಾಕಿಕೊಟ್ಟ ಕೋಣೆ ಬೇರೆ. ಪಡಸಾಲೆಯಲ್ಲಿ ತಮ್ಮ ದನಿ ಕೇಳಿಸದೆಂದು ಅನುಭವದಿಂದ ಅರಿತವರು, ಜೊತೆಗೂಡಿ, ತಮಗೊಂದು ಸ್ಥಳ ಬೇಕೆನ್ನುತ್ತಾರೆ. ಅಲ್ಲಿ ಜನ ಮೊದಲು, ಗೋಡೆ ಆಮೇಲೆ. ನಮ್ಮ ಗರುಡಾಚಾರ್‌ಪಾಳ್ಯದ ಪಟ್ಟಿಯಲ್ಲಿ ಗೋಡೆ ಮೊದಲು ಎದ್ದಿತು. ಜನರನ್ನು ಆಮೇಲೆ ಹುಡುಕಬೇಕಾಯಿತು. ಮೊದಲನೆಯದು ಇದುವರೆಗೆ ಮಾತನಾಡದಿದ್ದವನ ಬಾಯಿ ತೆರೆಸುತ್ತದೆ. ಎರಡನೆಯದು ಆಗತಾನೆ ಮಾತನಾಡತೊಡಗಿದವನ ಬಾಯಿ ಮುಚ್ಚಿಸುತ್ತದೆ. ಯಾವುದೇ ವಿಭಾಗವನ್ನು ಅಳೆಯಬೇಕಾದುದು ಈ ಒಂದು ಮಾನದಿಂದ.

ವಿಂಗಡಣೆಯ ವಿದ್ಯೆಯಲ್ಲಿ ಮಹಾಪಂಡಿತರೊಬ್ಬರು ನಮ್ಮ ಊರಿನಲ್ಲಿಯೇ ಬಾಳಿದರು. ಎಸ್.ಆರ್. ರಂಗನಾಥನ್ ಅವರು 1933ರಲ್ಲಿ ಕೋಲನ್ ವರ್ಗೀಕರಣ ಪದ್ಧತಿಯನ್ನು ಪ್ರಕಟಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ವಿದ್ಯೆಯ ಸಂಶೋಧನೆ ಮತ್ತು ತರಬೇತಿಗಾಗಿ ಕೇಂದ್ರವೊಂದನ್ನು ಸ್ಥಾಪಿಸಿ, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಪುಸ್ತಕಗಳನ್ನು ಅವರಷ್ಟು ಸೂಕ್ಷ್ಮವಾಗಿ ವಿಭಾಗ ಮಾಡಿದವರು ವಿರಳ. ಆದರೆ ಆ ವಿಭಾಗಗಳ ನಡುವೆ ಓದುಗನು ಸ್ವಚ್ಛಂದವಾಗಿ ತಿರುಗಾಡಬೇಕು, ಕಪಾಟುಗಳು ಅವನಿಗೆ ತೆರೆದಿರಬೇಕು ಎಂದು ಅಷ್ಟೇ ಹಟದಿಂದ ಹೇಳಿದವರೂ ಅವರೇ. ಒಂದು ಪುಸ್ತಕಕ್ಕಾಗಿ ಕೈಚಾಚಿದವನ ಕಣ್ಣಿಗೆ ಅದರ ನೆರೆಯ ಪುಸ್ತಕವೂ ಬೀಳಬೇಕೆಂಬುದು ಅವರ ಜೋಡಣೆಯ ಮರ್ಮ. ಪುಸ್ತಕಗಳಿಗೆ ವಿಭಾಗ, ಓದುಗನಿಗೆ ಸ್ವಾತಂತ್ರ್ಯ. ನಮ್ಮ ಸಂಘಗಳು ಮಾಡುತ್ತಿರುವುದು ಇದರ ತಿರುವು: ಓದುಗನನ್ನೇ ಕಪಾಟಿನಲ್ಲಿಟ್ಟು ಬೆನ್ನಿಗೆ ಸಂಖ್ಯೆ ಅಂಟಿಸುವುದು.

ಕಾಲೇಜುಗಳಲ್ಲಿ ಕನ್ನಡ ಸಂಘಗಳನ್ನು ನಡೆಸುವ ಅಧ್ಯಾಪಕ ಮಿತ್ರರಿಗೂ ವಿದ್ಯಾರ್ಥಿಗಳಿಗೂ ನನ್ನದು ಒಂದೆರಡು ಸೂಚನೆ. ಕೂಟ ಚಿಕ್ಕದಾಗಿರುವಾಗ ಒಡೆಯಬೇಡಿ. ಸ್ಥಳ ಸಾಲದೆ ಜನ ನಿಂತುಕೊಂಡು ಕೇಳುವಂತಾದಾಗ ಯೋಚಿಸಿ. ಪ್ರತ್ಯೇಕ ಗೋಷ್ಠಿ ಬೇಕೆಂದು ಕೆಲವರು ತಾವಾಗಿ ಕೇಳಿದರೆ ಅವರನ್ನು ಸಂಶಯದಿಂದ ನೋಡದೆ ಸಂತೋಷದಿಂದ ಕೊಡಿ; ಕೇಳದವರ ಮೇಲೆ ಹೇರಬೇಡಿ. ಪಡಸಾಲೆಯಲ್ಲಿ ಸಭೆ ನಡೆಯುವ ವೇಳೆಗೆ ಕೋಣೆಗಳಲ್ಲಿ ಸಭೆ ಇಡಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಕೋಣೆಯಲ್ಲಿ ಕಲಿತುದನ್ನು ಪಡಸಾಲೆಗೆ ತಂದು ಹೇಳುವ ಕರ್ತವ್ಯವನ್ನು ಪ್ರತಿ ಶಾಖೆಗೂ ವಿಧಿಸಿ. ನಾವು ಐದಾರು ಜನ ಬಿಡಿಸಿದ ಪಾಠಾಂತರದ ಗಂಟು, ಪತ್ತೇದಾರಿ ಕಾದಂಬರಿಯ ಓದುಗರಿಗೆ ತಿಳಿಯುವಂತೆ ಹೇಳಲು ಬಾರದಿದ್ದರೆ, ಅದನ್ನು ನಾವು ಬಿಡಿಸಿದ್ದು ಪೂರ್ತಿಯಾಗಲಿಲ್ಲವೆಂದೇ ತಿಳಿಯಬೇಕು.

ಬೆಂಗಳೂರಿನ ಪೂರ್ವ ಭಾಗದಲ್ಲಿ ಕನ್ನಡ ಓದುವವರು ಒಂದೆಡೆ ಸೇರುವುದೇ ಅಪರೂಪ. ಹತ್ತು ಅಂತಸ್ತಿನ ಕಟ್ಟಡಗಳಲ್ಲಿ, ಒಂದೊಂದು ಮನೆಗೂ ಬೀಗವಿರುವ ಕಡೆ, ಬದುಕು ಈಗಾಗಲೇ ನಮ್ಮನ್ನು ಸಾಕಷ್ಟು ವಿಂಗಡಿಸಿಟ್ಟಿದೆ. ಆ ಕೆಲಸದಲ್ಲಿ ಅದಕ್ಕೆ ನಮ್ಮ ಸಹಾಯ ಬೇಕಾಗಿಲ್ಲ. ಪಾಂಡಿತ್ಯಕ್ಕೆ ಕೋಣೆ ಬೇಕು, ಒಪ್ಪೋಣ. ಆದರೆ ಭಾಷೆ ಬಾಳುವುದು ಪಂಡಿತನೂ ಪಾಮರನೂ ಒಂದೇ ಚಾಪೆಯ ಮೇಲೆ ಕುಳಿತು, ತಾನು ಕೇಳಲು ಬಾರದಿದ್ದ ಮಾತನ್ನೂ ಕೇಳಿಸಿಕೊಳ್ಳುವ ಕಡೆ. ಅಂಥ ಒಂದು ಚಾಪೆಯನ್ನು ಸುತ್ತಿಡುವ ಮುನ್ನ ನಾವು ಹತ್ತು ಸಲ ಯೋಚಿಸುವುದು ಒಳ್ಳೆಯದು.