ಒಂದುಂಡೆ ಸಾಕೇ?

ಸದಾಶಿವನಗರದ ಅಂಗಡಿಯೊಂದರಲ್ಲಿ ಇಬ್ಬರು ಹೆಂಗಸರ ಮಾತು ಕಿವಿಗೆ ಬಿತ್ತು. “ಅಕ್ಕಾ, ನಿಮ್ಮ ಎಂಟಿಂಚಿನ ಚೌಕಕ್ಕೆ ಎಷ್ಟು ಉಲ್ಲನ್ ಹಿಡೀತು?” “ಅರ್ಧ ಉಂಡೆ ಕಣಮ್ಮ.” “ಹಂಗಾದ್ರೆ ನಂದು ಹದಿನಾರಿಂಚು, ಒಂದುಂಡೆ ಸಾಕು.” ಅಂದಿನಿಂದ ಆ ಒಂದುಂಡೆ ನನ್ನ ತಲೆಯಲ್ಲಿ ಉರುಳುತ್ತಲೇ ಇದೆ.

ಉಂಡೆಯೆಂಬುದು ಅಳತೆಯೇ ಅಲ್ಲ. ಒಂದು ಕಂಪನಿಯ ಉಂಡೆ 25 ಗ್ರಾಂ, ಇನ್ನೊಂದರದು 50, ಮತ್ತೊಂದರದು 100. ಹೆಣಿಗೆ ಪುಸ್ತಕದವರು ‘ಹತ್ತು ಉಂಡೆ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಒಂದು ಚೌಕ ಹೆಣೆದು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಲು ಏನು ಕಷ್ಟ?

ಇರಲಿ, 50 ಗ್ರಾಮಿನ ಉಂಡೆಯೆಂದೇ ಹಿಡಿಯೋಣ. ಹದಿನಾರಿಂಚಿನಾಕೆ ಮಾಡಿದ್ದು ತ್ರೈರಾಶಿಕ (ಮೂರು ಸಂಖ್ಯೆಗಳಿಂದ ನಾಲ್ಕನೆಯದು), ಮಾಡಬೇಕಿದ್ದದ್ದು ಪಂಚರಾಶಿಕ (ಐದರಿಂದ ಆರನೆಯದು). ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಇವೆರಡನ್ನೂ ಒಂದೇ ಅಧ್ಯಾಯದಲ್ಲಿಟ್ಟ. 1150ರ ‘ಲೀಲಾವತಿ’ಯಲ್ಲಂತೂ ಭಾಸ್ಕರಾಚಾರ್ಯ ನೇರವಾಗಿ ಬಟ್ಟೆ ಅಂಗಡಿಗೇ ನುಗ್ಗುತ್ತಾನೆ. 3 ಮೊಳ ಅಗಲ, 8 ಮೊಳ ಉದ್ದದ 8 ರೇಷ್ಮೆ ವಸ್ತ್ರಗಳಿಗೆ 100 ನಿಷ್ಕ. ಮೂರೂವರೆ ಮೊಳ ಉದ್ದ, ಅರ್ಧ ಮೊಳ ಅಗಲದ ಒಂದಕ್ಕೆ ಎಷ್ಟು? ವಸ್ತ್ರಗಳ ಸಂಖ್ಯೆಯೂ ಸೇರಿರುವುದರಿಂದ ಇದು ಸಪ್ತರಾಶಿಕ. ಉತ್ತರ ಒಂದು ನಿಷ್ಕವೂ ಇಲ್ಲ: 14 ದ್ರಮ್ಮ, 9 ಪಣ, 1 ಕಾಕಿಣಿ, ಆರೂ ಮುಕ್ಕಾಲಿಗೆ ಒಂಚೂರು ಕಡಿಮೆ ಕವಡೆ. ಕವಡೆಯ ಚೂರನ್ನೂ ಬಿಡದ ಆ ಹಟ ನನಗೆ ಬಲು ಇಷ್ಟ. ಉದ್ದ, ಅಗಲ ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಹಿಡಿಯುವುದೇ ಅದರ ಗುಟ್ಟು. ಹದಿನಾರಿಂಚಿನ ಚೌಕದಲ್ಲಿ ಉದ್ದವೂ ಇಮ್ಮಡಿ, ಅಗಲವೂ ಇಮ್ಮಡಿ. ಆದ್ದರಿಂದ ಅದು ನುಂಗುವುದು ಎರಡು ಉಂಡೆ.

ಇಂಥ ಚೌಕಗಳನ್ನು ಜೋಡಿಸಿ ಕಂಬಳಿ ಮಾಡುವುದಾದರೆ, 48 ಇಂಚು ಅಗಲ, 64 ಇಂಚು ಉದ್ದದ್ದಕ್ಕೆ ಸಣ್ಣ ಚೌಕ 48, ದೊಡ್ಡದು 12. ಹೇಗೆ ಮಾಡಿದರೂ 24 ಉಂಡೆ. ಆಕೆಯ ಎಣಿಕೆಯಲ್ಲಿ ಹನ್ನೆರಡೇ. ಜೋಡಿಸುವ ದಾರ ಬೇರೆ: ಸಣ್ಣ ಚೌಕಗಳಾದರೆ 656 ಇಂಚು ಜೋಡಣೆ, ದೊಡ್ಡವಾದರೆ 272. ಸುತ್ತಲಿನ ಅಂಚು ಎರಡಕ್ಕೂ 224.

ಇಷ್ಟೆಲ್ಲ ಗೀಚಿದ ಮೇಲೆ ಆಕೆಯ ಮುಂದಿನ ಮಾತು ನೆನಪಾಯಿತು: “ಮಕ್ಕಳ ಹಳೇ ಸ್ವೆಟರ್ ಬಿಚ್ಚಿದ ದಾರ ಮನೇಲಿದೆ.” ಅಂದರೆ ಕಂಬಳಿಗೆ ಎಷ್ಟು ದಾರ ಎಂಬುದು ಆಕೆಯ ಪ್ರಶ್ನೆಯೇ ಅಲ್ಲ. ಇರುವ ದಾರಕ್ಕೆ ಎಂಥ ಕಂಬಳಿ?

ಹಳಿಯಾಳ, ಯಲ್ಲಾಪುರದ ಸಿದ್ದಿ ಸಮುದಾಯದ ಹೆಂಗಸರು ಹಳೇ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿಯಲ್ಲಿ ಈ ತೊಡಕಿಲ್ಲ. ಅಡಿಯಲ್ಲಿ ಹಾಸಿದ ಸೀರೆಯೇ ಅಳತೆ. ಅಂಚಿನಿಂದ ಹೊಲಿಯುತ್ತ ಸುತ್ತಿಕೊಂಡು ನಡುವಿಗೆ ಬರುತ್ತಾರೆ, ತುಂಡುಗಳು ಎಷ್ಟು ಚಿಕ್ಕವಾದರೂ ನಡೆಯುತ್ತದೆ. ಹೆಣಿಗೆಗೆ ಅಂಥ ಅಡಿಸೀರೆ ಇಲ್ಲ. ಹಾಗಾಗಿ ಆಕೆ ನಡುವಿನಿಂದ ಹೊರಡುವುದು ವಾಸಿ. ನಡುವೆ ಒಂದು ಚೌಕ, ಅದರ ಸುತ್ತ 8, ಆಮೇಲೆ 16, ಆಮೇಲೆ 24. ಒಟ್ಟು 1, 9, 25, 49.

ಬಿಚ್ಚಿದ ದಾರ 750 ಗ್ರಾಂ ಇದೆಯೆನ್ನಿ. 25 ಗ್ರಾಮಿನಂತೆ ಸಣ್ಣ ಚೌಕ 30 ಆಗುತ್ತವೆ. 25ಕ್ಕೆ ನಿಲ್ಲಿಸಿದರೆ 40 ಇಂಚಿನ ಚೌಕ ಕಂಬಳಿ, ಮಗುವಿಗೆ ಧಾರಾಳ; ಉಳಿದ 125 ಗ್ರಾಂ ಜೋಡಣೆಗೆ, ಅಂಚಿಗೆ. ಮುಂದಿನ ಸುತ್ತಿಗೇ ಮತ್ತೆ 600 ಗ್ರಾಂ ಬೇಕು. ಅದಕ್ಕೆ ಇನ್ನೂ ನಾಲ್ಕಾರು ಸ್ವೆಟರ್ ಬಿಚ್ಚಬೇಕಾದೀತು.