ಯಾವ ಮರೂನ್?

ರೈಲಿನ ಮಾದರಿ ಮಾಡುವ ಹುಚ್ಚಿನವರು ನಾಲ್ಕು ಜನ ಸೇರಿದರೆ ಅಳತೆಯ ಬಗ್ಗೆ ಜಗಳ ಬರುವುದಿಲ್ಲ. ಪಟ್ಟಿ ಇಟ್ಟು ನೋಡಿದರೆ ಮುಗಿಯಿತು. ಜಗಳ ಬರುವುದು ಬಣ್ಣಕ್ಕೆ. "ಇದು ಆ ಮರೂನ್ ಅಲ್ಲವೇ ಅಲ್ಲ ರೀ" ಎಂದು ಒಬ್ಬರು ಅಂದರೆ ಸಾಕು, ಚಹಾ ಆರಿಹೋಗುವ ತನಕ ವಾದ!

ನಾನು ಹೇಳುತ್ತಿರುವುದು ನಮ್ಮ ಹಳೆಯ ರೈಲು ಡಬ್ಬಿಗಳ ಮರೂನ್. ಮುಂಬಯಿಯಿಂದ ಮಹಾಲಕ್ಷ್ಮಿ ಹಿಡಿದು, ಮೀರಜ್‌ನಲ್ಲಿ ಇಳಿದು, ಮೀಟರ್ ಗೇಜ್ ಗಾಡಿಗೆ ಟ್ರಂಕು ಸಾಗಿಸಿ ಊರು ಸೇರಿದ ನಮ್ಮ ವಯಸ್ಸಿನವರಿಗೆಲ್ಲ ಪರಿಚಯದ ಬಣ್ಣ. 1990ರ ದಶಕದಲ್ಲಿ ಅದರ ಜಾಗಕ್ಕೆ ನೀಲಿ ಬಂತು. ಈಗಿನ ಹುಡುಗರು ಮರೂನ್ ಡಬ್ಬಿ ನೋಡುವುದು ಮಾದರಿಯಲ್ಲೇ. ನಾವು ಬಳಿದದ್ದೇ ಅವರಿಗೆ ಸಾಕ್ಷಿ. ಆದ್ದರಿಂದ "ಸುಮಾರಾಗಿದ್ದರೆ ಸಾಕು" ಎನ್ನುವವರ ಪಕ್ಷ ನನ್ನದಲ್ಲ.

ಹಾಗೆಂದು ಶೇಡ್ ನಂಬರ್ ಹಿಡಿದು ಕೂತವರ ಪಕ್ಷವೂ ಅಲ್ಲ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಹಿ ತಾಳೆ ನೋಡಿದವನು ನಾನು, ನಂಬರಿನ ಮೇಲೆ ನನಗೂ ಪ್ರೀತಿಯಿದೆ. ಆದರೆ ಆ ನಂಬರು ವರ್ಕ್‌ಶಾಪಿನಿಂದ ಹೊರಬಿದ್ದ ದಿನದ ಬಣ್ಣ. ಘಾಟಿನಲ್ಲಿ ಎರಡು ಮಳೆಗಾಲ ಕಳೆದ ಡಬ್ಬಿ, ಬ್ರೇಕಿನ ಕಬ್ಬಿಣದ ಧೂಳು ಮೆತ್ತಿದ ಡಬ್ಬಿ ಬೇರೆಯೇ. ಮೊದಲು ಯಾವ ವರ್ಷ, ಎಷ್ಟು ಹಳೆಯ ಡಬ್ಬಿ ಎಂದು ತೀರ್ಮಾನಿಸಿ. ಬಣ್ಣದ ಅಂಗಡಿ ಆಮೇಲೆ.

ಇನ್ನೊಂದು, ಗಾತ್ರದ ವಿಚಾರ. 21 ಮೀಟರ್ ಉದ್ದದ ಡಬ್ಬಿ 87ನೇ ಒಂದರ ಅಳತೆಯಲ್ಲಿ 24 ಸೆಂಟಿಮೀಟರ್ ಚಿಲ್ಲರೆ. ಅಷ್ಟು ಚಿಕ್ಕದಾಗಿ ಕಾಣುವುದೆಂದರೆ ದೂರದಿಂದ ನೋಡಿದ ಹಾಗೆ. ದೂರದ ವಸ್ತು ನಡುವಿನ ಗಾಳಿಯಿಂದ ಮಾಸಲಾಗಿ ಕಾಣುತ್ತದೆ. ಅಸಲಿ ಬಣ್ಣವನ್ನೇ ತಂದು ಬಳಿದರೆ ಮಾದರಿ ಕಪ್ಪಗೆ ಕಾಣುವುದು ಇದಕ್ಕೇ. ವಿಮಾನ ಮಾಡುವವರಲ್ಲಿ 72ನೇ ಒಂದಕ್ಕೆ ಶೇ. 15, 48ಕ್ಕೆ ಶೇ. 10 ಬಿಳಿ ಬೆರೆಸುವ ಒಂದು ಲೆಕ್ಕವಿದೆ. ಮರೂನಿಗೆ ಮಾತ್ರ ಬಿಳಿ ಬೇಡ ಮಾರಾಯರೆ, ಗುಲಾಬಿಯಾಗುತ್ತದೆ! ಸ್ವಲ್ಪ ಕಿತ್ತಳೆ, ಚೂರು ಬೂದು ಸೇರಿಸಿ ತಿಳಿಮಾಡುವುದು ಒಳ್ಳೆಯದು.

ಹಳೆಯ ಫೋಟೋ ನಂಬುವವರಿಗೆ ಡೆಕ್ಕನ್ ಕ್ವೀನ್ ಒಂದೇ ಸಾಕು. 1930ರ ಜೂನ್ 1ರಂದು ಶುರುವಾದಾಗ ಅದಕ್ಕೆ ಎರಡು ರೇಕ್. ಒಂದು ಬೆಳ್ಳಿ ಬಣ್ಣಕ್ಕೆ ಕಡುಗೆಂಪು ಅಂಚು, ಇನ್ನೊಂದು ನೀಲಿಗೆ ಚಿನ್ನದ ಗೆರೆ. ಆ ಕಾಲದಲ್ಲಿ ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ; ಕೆಂಪು ಕಪ್ಪಾಗಿ, ನೀಲಿ ಬೆಳ್ಳಗೆ ಬೀಳುತ್ತಿತ್ತು. ಅಂಥ ಕಪ್ಪು-ಬಿಳುಪು ಚಿತ್ರ ನೋಡಿ ಬಣ್ಣ ಹೇಳುವವರಿಗೆ ದೊಡ್ಡ ನಮಸ್ಕಾರ.

ನನ್ನ ಮಟ್ಟಿಗೆ ಕೊನೆಯ ತೀರ್ಪು ಬೆಳಕಿನದು. ಬಿಸಿಲಲ್ಲಿ ಒಂದೇ ಎನಿಸಿದ ಎರಡು ಬಣ್ಣ ದೀಪದಡಿ ಬೇರೆಬೇರೆ ಕಾಣಬಹುದು. ಬೇಡದ ಪ್ಲಾಸ್ಟಿಕ್ ಚೂರುಗಳಿಗೆ ಮೂರು ಬೆರಕೆ ಬಳಿದು, ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಮಾದರಿ ಎಲ್ಲಿ ಇಡುತ್ತೀರೋ ಅಲ್ಲೇ ಇಟ್ಟು ನೋಡಿ. ನಮ್ಮ ಮನೆಯ ಶೋಕೇಸ್ ಇರುವುದು ಟ್ಯೂಬ್‌ಲೈಟಿನ ಕೆಳಗೆ, ಬಾಲ್ಕನಿಯ ಬಿಸಿಲು ಅಲ್ಲಿಗೆ ಬರುವುದಿಲ್ಲ. ಹಾಗಾಗಿ ನನ್ನ ಮರೂನ್ ಟ್ಯೂಬ್‌ಲೈಟಿನ ಮರೂನ್.