ಲಸ್ನ, ಲಗ್ನ, ಲಗಾಮು: ಹೋಲಿಕೆ ಇದ್ದರೆ ಸಾಕೇ?

ಮಕ್ಕಳೇ, ಎರಡು ಹಾಳೆ ಸೇರಿಸಿ ಟಾಚಣಿ ಚುಚ್ಚುತ್ತೀರಿ. ಹೀಗೆ ಒಂದಕ್ಕೊಂದು ಜೋಡಿಸುವುದಕ್ಕೆ ಲೊಜ್ಬಾನ್ ಭಾಷೆಯಲ್ಲಿ ‘ಲಸ್ನ’ ಅಂತಾರೆ. ಯಾರು ಜೋಡಿಸಿದರು, ಯಾವುದನ್ನು, ಯಾವುದಕ್ಕೆ, ಯಾವುದರಿಂದ ಎಂಬ ನಾಲ್ಕು ಜಾಗಗಳು ಆ ಒಂದೇ ಪದದೊಳಗಿವೆ.

ಲೊಜ್ಬಾನ್ ತಾನಾಗಿ ಬೆಳೆದ ಭಾಷೆಯಲ್ಲ, ಕೂತು ಕಟ್ಟಿದ್ದು. ಜೇಮ್ಸ್ ಕುಕ್ ಬ್ರೌನ್ 1955ರಲ್ಲಿ ಶುರು ಮಾಡಿದ ಲೋಗ್ಲಾನ್ ಇದಕ್ಕೆ ಮೂಲ. 1987ರಲ್ಲಿ ಲೊಜ್ಬಾನ್ ಬೇರೆಯಾಯಿತು.

ಒಂಬತ್ತನೇ ತರಗತಿಯಲ್ಲಿ ಈ ಪದವನ್ನು ಬೋರ್ಡಿನ ಮೇಲೆ ಬರೆದಾಗ ಒಬ್ಬಳು ಎದ್ದು, “ಸರ್, ಇದು ನಮ್ಮ ಲಗ್ನ ಅಲ್ರೀ?” ಅಂದಳು. ಎಲ್ಲರೂ ನಕ್ಕರು. ನಾನು ಖುಷಿಯಾಗಿ “ಹೌದು” ಅಂದುಬಿಟ್ಟೆ. ಅದು ನನ್ನ ತಪ್ಪು. ಪ್ರಯೋಗ ಮಾಡದೆ ಫಲಿತಾಂಶ ಬರೆದ ಹಾಗಾಯ್ತು.

ಅವಳ ಊಹೆಯೇನೋ ಚೆನ್ನಾಗಿತ್ತು. ಸಂಸ್ಕೃತದಲ್ಲಿ ಲಗ್ನ ಅಂದರೆ ‘ಅಂಟಿಕೊಂಡದ್ದು’. ಹಿಂದಿಯ ‘ಲಗಾನಾ’, ಮರಾಠಿಯ ‘ಲಾಗಣೆ’ ಅದೇ ಬಳಗದವು. ಇದು ನಿಜವಾದ ವಂಶ. ಆದರೆ ಲಸ್ನ ಹಾಗೆ ಹುಟ್ಟಿದ್ದಲ್ಲ. ಚೀನಿ, ಹಿಂದಿ, ಇಂಗ್ಲಿಷ್, ಸ್ಪ್ಯಾನಿಷ್, ರಷ್ಯನ್, ಅರಬ್ಬಿ ಈ ಆರು ಭಾಷೆಗಳ ಪದಗಳನ್ನು ಕಂಪ್ಯೂಟರಿಗೆ ಕೊಟ್ಟು, ಮಾತಾಡುವವರ ಸಂಖ್ಯೆಗೆ ತಕ್ಕಂತೆ ಅಂಕ ಹಾಕಿ, ಹೆಚ್ಚು ಹೋಲುವ ಐದಕ್ಷರದ ರೂಪ ಆರಿಸುತ್ತಿದ್ದರು. ಬಿಡಿಸಿ ನೋಡಿ: ಲ್-ಅ-ಸ್-ನ್-ಅ. ಇಂಗ್ಲಿಷಿನ ‘ಫಾಸನ್’ನ ಸ್, ನ್ ಇಲ್ಲಿವೆ, ಹಿಂದಿ ‘ಲಗಾನಾ’ದ ಲ್, ನ್ ಕೂಡ ಅದೇ ಕ್ರಮದಲ್ಲಿವೆ. ಹಾಗಾಗಿ ಇವೆರಡೂ ಸೇರಿರಬಹುದು ಅನ್ನುವುದು ನನ್ನ ಊಹೆ. ಸೇರಿದ್ದರೂ ಅದು ಮಿಶ್ರಣ, ವಂಶವಲ್ಲ.

ಇನ್ನು ಲಗಾಮು ನೋಡಿ. ಕುದುರೆಗೆ ಕಟ್ಟುತ್ತೇವೆ, ಪದವೂ ‘ಲಗ’ ಅಂತಲೇ ಶುರುವಾಗುತ್ತದೆ. ಆದರೆ ಅದು ಪಾರಸಿಯಿಂದ ಬಂದದ್ದು. ಲಗ್ನಕ್ಕೂ ಅದಕ್ಕೂ ನಂಟಿಲ್ಲ, ಬರೀ ಕಾಕತಾಳೀಯ.

ಒಂದೇ ಥರ ಕೇಳಿಸುವುದಕ್ಕೆ ಹೀಗೆ ಮೂರು ಕಾರಣ: ವಂಶ, ಮಿಶ್ರಣ, ಆಕಸ್ಮಿಕ. ಕಿವಿಯೊಂದೇ ಇವನ್ನು ಬೇರ್ಪಡಿಸಲಾರದು. ಅದಕ್ಕೇ ‘ಜಗತ್ತಿನ ಪದಗಳೆಲ್ಲ ನಮ್ಮ ಭಾಷೆಯಿಂದಲೇ ಹೋದವು’ ಅನ್ನುವ ವಾಟ್ಸಾಪ್ ಸಂದೇಶ ಬಂದರೆ ಮುಂದೆ ಕಳಿಸುವ ಮೊದಲು ಕೇಳಿ: ಈ ಪದ ಯಾವ ದಾರಿಯಿಂದ ಬಂತು? ಆಧಾರವೇನು?

ಗಡಿ ಊರಿನ ನಾವು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ ಕೇಳುತ್ತೇವೆ. ಆ ಹುಡುಗಿಗೆ ಲಗ್ನ ಹೊಳೆದದ್ದೂ ಅದರಿಂದಲೇ. ಊಹೆ ಮಾಡಲು ಹೆದರಬೇಡಿ. ಪರೀಕ್ಷಿಸದೆ ನಂಬಲೂಬೇಡಿ, ನಿಮ್ಮ ಸರ್ “ಹೌದು” ಅಂದರೂ ಸರಿ.